ಇಸಾಂಪುರ

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಹಳೆ ಶಿಲಾಯುಗದ ನೆಲೆ. ಕಾಲುವೆ ಕಾಮಗಾರಿಗೆಂದು ಇಲ್ಲಿ ಮಣ್ಣು ಅಗೆದು ಸಾಗಿಸಿದಾಗ ಅಡಿಯಲ್ಲಿದ್ದ ಸುಣ್ಣಕಲ್ಲಿನ ಹಾಸು, ಅದರ ಮೇಲೆ ಚೆಲ್ಲಿದ್ದ ಕಲ್ಲಿನ ಆಯುಧಗಳ ಸಮೇತ ಬಯಲಾಯಿತು. 1983ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇದನ್ನು ಗುರುತಿಸಿದರು. 1970ರ ದಶಕದಿಂದಲೂ ಅವರು ಈ ಭಾಗದ ಹೊಲ, ಹಳ್ಳಗಳಲ್ಲಿ ನಡೆದಾಡಿ ಶೋಧನೆ ಮಾಡುತ್ತಿದ್ದರು. 1997ರಿಂದ ಕೆಲವು ವರ್ಷ ಉತ್ಖನನ ನಡೆಯಿತು.

ಕೃಷ್ಣಾ ಕಣಿವೆಯಲ್ಲಿ ಕೈಕೊಡಲಿಗಳು ಅಪರೂಪವಲ್ಲ. ಘಟಪ್ರಭಾ ದಂಡೆಯ ಅನಗವಾಡಿಯಲ್ಲೂ ಸಿಕ್ಕಿವೆ. ಆದರೆ ಅಲ್ಲಿ ಅವು ಹೊಳೆಯ ಗರಸಿನಲ್ಲಿ ಹುದುಗಿದ್ದವು. ಹೊಳೆ ತಂದು ಹಾಕಿದ ಕಲ್ಲು ಯಾರು ಎಲ್ಲಿ ಕೂತು ಒಡೆದದ್ದೆಂದು ಹೇಳಲಾರದು. ಇಸಾಂಪುರದ ಬೆಲೆ ಇರುವುದೇ ಇಲ್ಲಿ: ಒಡೆದ ಕಲ್ಲು ಒಡೆದ ಜಾಗದಲ್ಲೇ ಉಳಿದಿದೆ.

ನೆಲದಲ್ಲಿ ಸಹಜವಾಗಿ ಬಿರಿದಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಅಂದಿನ ಜನ ಮೀಟಿ ಎಬ್ಬಿಸುತ್ತಿದ್ದರು. ತೆಳು ಚಪ್ಪಡಿಯಾದರೆ ಅಂಚನ್ನು ಸುತ್ತಲೂ ಕೆತ್ತಿ ಕೈಕೊಡಲಿ. ದಪ್ಪ ಕಲ್ಲಾದರೆ ಅದರಿಂದ ದೊಡ್ಡ ಚಕ್ಕೆ ಎಬ್ಬಿಸಿ ಅಗಲ ಬಾಯಿಯ ಕಡಿಗತ್ತಿ. ಬಡಿಯಲು ಗಟ್ಟಿ ಜಾತಿಯ ಉರುಟು ಕಲ್ಲು. ಆ ಬಡಿಗಲ್ಲು, ಅರ್ಧಕ್ಕೆ ಬಿಟ್ಟ ಆಯುಧ, ಉದುರಿದ ಚಕ್ಕೆ ಎಲ್ಲವೂ ಗುಂಪುಗುಂಪಾಗಿ ಬಿದ್ದಿವೆ. ಕಲ್ಲು ನೋಡಿ ಕೆಲಸ ಗೊತ್ತು ಮಾಡುವ ಈ ಕಸುಬುದಾರಿಕೆಯನ್ನು ಕಂಡ ಮೇಲೆ ಅವರನ್ನು ಬುದ್ಧಿ ಬಲಿಯದ ಅಲೆಮಾರಿಗಳೆಂದು ಕರೆಯಲು ಮನಸ್ಸು ಒಪ್ಪದು.

ಇಲ್ಲಿ ದೊರೆತ ದನದ ಜಾತಿಯ ಪ್ರಾಣಿಗಳ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿದಾಗ ನೆಲೆಗೆ ಸುಮಾರು 12 ಲಕ್ಷ ವರ್ಷ ವಯಸ್ಸೆಂದು ಅಂದಾಜಾಯಿತು. 2011ರಲ್ಲಿ ತಮಿಳುನಾಡಿನ ಅತ್ತಿರಂಪಾಕ್ಕಂಗೆ ಸುಮಾರು 15 ಲಕ್ಷ ವರ್ಷದ ಕಾಲಮಾನ ಪ್ರಕಟವಾಯಿತು. ಹಾಗಿದ್ದರೂ ಭಾರತದ ಅತಿ ಹಳೆಯ ಮಾನವ ನೆಲೆಗಳ ಸಾಲಿನಿಂದ ಇಸಾಂಪುರ ಕದಲಿಲ್ಲ.

ನೆಲೆ ಎಂದೊಡನೆ ಮನೆ, ಗೋಡೆಗಳನ್ನು ನೆನೆಯಬೇಕಿಲ್ಲ. ಅವಕ್ಕೆ ಇನ್ನೂ ಲಕ್ಷಾಂತರ ವರ್ಷ ಕಾಯಬೇಕಿತ್ತು. ಬೇಸಿಗೆಯಲ್ಲೂ ಬತ್ತದ ಒರತೆಗಳಿದ್ದುದರಿಂದ ಜನ ಈ ಕಣಿವೆಯಲ್ಲಿ ಒಟ್ಟುಗೂಡುತ್ತಿದ್ದರು, ಮಳೆಗಾಲದಲ್ಲಿ ಚದುರುತ್ತಿದ್ದರು ಎಂಬುದು ಪದ್ದಯ್ಯನವರ ವಾದ. ಈಗ ಅದೇ ಕಣಿವೆಗೆ ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದಿದೆ, ಭತ್ತ ಬೆಳೆಯುತ್ತದೆ. ಹೊಲ ಸಮ ಮಾಡುವಾಗ ಸುತ್ತಲಿನ ಎಷ್ಟೋ ನೆಲೆಗಳು ಕಲಸಿಹೋಗಿವೆ.