ಕೈತಪ್ಪಿದ ಚೆಂಡು, ಕಲಿತ ರೋಬೋಟ್



ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. ಈ ಸಲ ಪೂಜೆಯ ನಂತರದ ಕಾರ್ಯಕ್ರಮದಲ್ಲಿ ನಮ್ಮ ಹುಡುಗನೊಬ್ಬ ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯಲು ಹೋದ. ಹದಿನೈದು ದಿನ ಅಭ್ಯಾಸ ಮಾಡಿದ್ದ. ಆದರೂ ಐದನೇ ಎಸೆತಕ್ಕೇ ಒಂದು ಚೆಂಡು ಉರುಳಿ ಫಾದರ್ ಕುರ್ಚಿಯ ಕೆಳಗೆ ಸೇರಿತು. ಎಲ್ಲರೂ ನಕ್ಕೆವು. 1815ರಲ್ಲಿ ಇಟಲಿಯಲ್ಲಿ ಹುಟ್ಟಿದ ಬೋಸ್ಕೊ ಕೂಡ ಹುಡುಗನಾಗಿದ್ದಾಗ ಜಾತ್ರೆಯ ಆಟಗಾರರನ್ನು ನೋಡಿ ನೋಡಿ ಇಂಥ ಆಟ ಕಲಿತವರು. ಊರವರನ್ನು ಸೇರಿಸಿ ಆಟ ತೋರಿಸುತ್ತಾ ಜಪಸರವನ್ನೂ ಹೇಳಿಸುತ್ತಿದ್ದರು. ಅಂದು ಧರ್ಮೋಪದೇಶ ತರಗತಿಯ ಪುಟ್ಟಿಯೊಬ್ಬಳು ಕೇಳಿದಳು: "ಅಣ್ಣಾ, ರೋಬೋಟ್‌ಗೆ ಇದು ಬರುತ್ತಾ?"

ನಮ್ಮಲ್ಲಿ ಅನೇಕರ ಮನೆಯವರು ಹೊಸೂರಿನ ಸಿಪ್ಕಾಟ್‌ನಲ್ಲಿ ಶಿಫ್ಟ್‌ಗೆ ಹೋಗುವವರು. ರೋಬೋಟ್ ಎಂದರೆ ನಮಗೆ ವೆಲ್ಡಿಂಗ್ ಮಾಡುವ ಕೈ, ಮತ್ತು "ಇದು ಬಂದ ಮೇಲೆ ನಮ್ಮ ಕೆಲಸ ಎಷ್ಟು ದಿನ?" ಎಂಬ ಊಟದ ಹೊತ್ತಿನ ಮಾತು. ಹಾಗಾಗಿ ಪುಟ್ಟಿಯ ಪ್ರಶ್ನೆಯನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ವೆಲ್ಡಿಂಗ್‌ನಲ್ಲಿ ಬಿಡಿಭಾಗವನ್ನು ಫಿಕ್ಸ್ಚರ್‌ನಲ್ಲಿ ಬಿಗಿದಿರುತ್ತಾರೆ. ಕೈ ಪ್ರತಿ ಸಲ ಅದೇ ಜಾಗಕ್ಕೆ ಹೋದರೆ ಸಾಕು. ಚೆಂಡು ಎರಡು ಸಲ ಒಂದೇ ಜಾಗಕ್ಕೆ ಬೀಳುವುದಿಲ್ಲ.

1970ರ ದಶಕದಲ್ಲಿ ಇದಕ್ಕೆ ಕೈ ಹಾಕಿದವರು ಅಮೆರಿಕದ ಕ್ಲಾಡ್ ಶಾನನ್. 1948ರ ಲೇಖನದಿಂದ ಮಾಹಿತಿ ಸಿದ್ಧಾಂತಕ್ಕೆ ತಳಪಾಯ ಹಾಕಿದ ಅದೇ ಶಾನನ್. ಬಿಎಸ್ಸಿಯಲ್ಲಿ ಬಿಟ್‌ಗಳ ಪಾಠದಲ್ಲಿ ಅವರ ಹೆಸರು ಓದಿದ್ದೆವು. ಬೆಲ್ ಲ್ಯಾಬ್ಸ್‌ನ ಓಣಿಗಳಲ್ಲಿ ಒಂಟಿ ಚಕ್ರದ ಸೈಕಲ್ ಮೇಲೆ ಕೂತು ಚೆಂಡಾಡಿಸುತ್ತಿದ್ದರು ಎಂದು ಯಾರೂ ಹೇಳಿರಲಿಲ್ಲ! ಮಕ್ಕಳು ಜೋಡಿಸಿ ಆಡುವ ಎರೆಕ್ಟರ್ ಸೆಟ್‌ನ ತುಂಡುಗಳಿಂದ ಅವರು ಒಂದು ಯಂತ್ರ ಕಟ್ಟಿದರು. ಅದು ಮೂರು ಉಕ್ಕಿನ ಗುಂಡುಗಳನ್ನು ಮೇಲಕ್ಕೆ ಎಸೆಯುತ್ತಿರಲಿಲ್ಲ, ಕೆಳಗಿದ್ದ ಡೋಲಿನ ಬಿಗಿ ಚರ್ಮದ ಮೇಲೆ ಪುಟಿಸುತ್ತಿತ್ತು. ಪುಟಿದ ಗುಂಡು ಕೈ ತಲುಪುವಾಗ ಏರಿಕೆಯ ತುದಿಯಲ್ಲಿರುತ್ತದೆ; ವೇಗ ಕಡಿಮೆ, ಹಿಡಿಯುವುದು ಸುಲಭ. ಅಂಗೈಯ ಜಾಗದಲ್ಲಿ ಇಳಿಜಾರಾದ ಒಂದು ಪುಟ್ಟ ತೋಡು. ಗುಂಡು ಸ್ವಲ್ಪ ಆಚೀಚೆ ಬಿದ್ದರೂ ತೋಡಿನಲ್ಲಿ ಉರುಳಿ, ಮುಂದಿನ ಎಸೆತಕ್ಕೆ ಬೇಕಾದ ಜಾಗದಲ್ಲೇ ಬಂದು ನಿಲ್ಲುತ್ತಿತ್ತು. ಆ ಯಂತ್ರಕ್ಕೆ ಕಣ್ಣಿಲ್ಲ, ನೆನಪಿಲ್ಲ. ತಪ್ಪನ್ನು ತಿದ್ದುತ್ತಿದ್ದದ್ದು ಆ ತೋಡು ಮಾತ್ರ. ಈ ಇಡೀ ಇತಿಹಾಸದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದೇ.

ಕಣ್ಣು ಬಂದದ್ದು ಆಮೇಲೆ. 1980ರ ದಶಕದ ಕೊನೆಯಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ಡ್ಯಾನಿಯಲ್ ಕೊಡಿಚೆಕ್ ಮತ್ತು ಸಂಗಡಿಗರು 'ಕನ್ನಡಿ ನಿಯಮ'ವೊಂದನ್ನು ಬಳಸಿದರು: ಚೆಂಡು ಇಳಿದಂತೆ ರೋಬೋಟ್‌ನ ಬ್ಯಾಟು ಏರಬೇಕು. ಮುಂದೆ ಕ್ಯಾಮೆರಾ ನೋಡಿಕೊಂಡು ಎರಡು ಚೆಂಡುಗಳನ್ನು ಗಾಳಿಯಲ್ಲಿ ಉಳಿಸುವ ಕೈಯನ್ನೂ ಮಾಡಿದರು. ಆದರೆ ಅದು ಬಡಿಯುವುದು, ಹಿಡಿಯುವುದಲ್ಲ. 1994ರಲ್ಲಿ ಸ್ಟೆಫಾನ್ ಶಾಲ್ ಮತ್ತು ಕ್ರಿಸ್ಟೋಫರ್ ಅಟ್ಕೆಸನ್ ಪ್ರಕಟಿಸಿದ ರೋಬೋಟ್, ಎರಡು ಕೋಲುಗಳಿಂದ ಮೂರನೇ ಕೋಲನ್ನು ಗಾಳಿಯಲ್ಲಿ ಆಡಿಸುತ್ತಿತ್ತು. ಹಿಂದಿನ ಪ್ರಯತ್ನಗಳನ್ನು ನೆನಪಿಟ್ಟುಕೊಂಡು ಮುಂದಿನ ಪೆಟ್ಟನ್ನು ಅದೇ ತಿದ್ದಿಕೊಳ್ಳುತ್ತಿತ್ತು.

2020ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಒಂದೇ ರೋಬೋಟ್ ಕೈಗೆ ಎರಡು ಚೆಂಡು ಕೊಟ್ಟರು. ಆರಂಭದ ಚಲನೆಯನ್ನು ಮನುಷ್ಯರೇ ಹೊಂದಿಸಿದ್ದರು. ಆಮೇಲೆ ಅದಕ್ಕೆ ಸಿಗುತ್ತಿದ್ದ ಪಾಠ ಒಂದೇ: ಚೆಂಡು ಬಿತ್ತೇ, ಉಳಿಯಿತೇ. 56 ನಿಮಿಷಗಳ ಅನುಭವದಲ್ಲಿ ಕಲಿತು, ಕೊನೆಗೆ 33 ನಿಮಿಷ ನಿಲ್ಲದೆ ಆಡಿತು, ಸುಮಾರು 4500 ಸಲ ಹಿಡಿಯಿತು. ಅಂಗೈಗೆ ಬದಲು ಆಲಿಕೆಯಂಥ ಬಟ್ಟಲು; ಶಾನನ್‌ರ ತೋಡನ್ನು ನೆನಪಿಸಿಕೊಳ್ಳಿ.

ಊಟದ ಹೊತ್ತಿನ ಆ ಪ್ರಶ್ನೆಗೆ ಇದು ಸಮಾಧಾನವಲ್ಲ, ಒಪ್ಪುತ್ತೇವೆ. ಫಿಕ್ಸ್ಚರ್ ಬಿಟ್ಟು ಆಚೆ ಬಂದ ಕೈ ಇದು.

ಮುಂದಿನ ಭಾನುವಾರ ಪುಟ್ಟಿಗೆ ಹೇಳಿದೆವು: "ಬರುತ್ತೆ ಪುಟ್ಟಿ, ಒಂದು ಕೈಯಲ್ಲಿ ಎರಡು ಚೆಂಡು." ಅವಳು ಸ್ವಲ್ಪ ಯೋಚಿಸಿ, "ನಮ್ಮಜ್ಜಿ ಐದು ಕಲ್ಲು ಆಡ್ತಾರೆ. ಒಂದನ್ನ ಮೇಲೆ ಎಸೆದು, ನೆಲದ ಮೇಲಿರೋ ನಾಲ್ಕನ್ನೂ ಬಾಚಿ ಹಿಡೀತಾರೆ" ಎಂದಳು. ನಮ್ಮ ಹುಡುಗ ಈಗ ಅಜ್ಜಿಯ ಮನೆಗೆ ಹೋಗಿ ಬರುತ್ತಿದ್ದಾನೆ. ತಪಸ್ಸು ಕಾಲದ ಮೊದಲ ವಾರಕ್ಕೆ ಹನ್ನೊಂದು ಎಸೆತದವರೆಗೆ ಬಂದಿದ್ದಾನೆ.