ಮರಳ ತಟ್ಟೆ, ಮಣ್ಣಿನ ಮಣೆ

ಮಗಳ ನರ್ಸರಿಯಿಂದ ಒಂದು ಚೀಟಿ ಬಂದಿತ್ತು. ಶುಕ್ರವಾರ 'ಸೆನ್ಸರಿ ಟ್ರೇ' ಆಟ ಇದೆ, ಅಂಚಿರುವ ಒಂದು ದೊಡ್ಡ ತಟ್ಟೆ, ಅರ್ಧ ಕೇಜಿ ಬಣ್ಣ ಹಚ್ಚಿದ ಅಕ್ಕಿ, ನಾಲ್ಕು ಪ್ಲಾಸ್ಟಿಕ್ ಪ್ರಾಣಿ ಕಳಿಸಿ ಅಂತ. ರಾತ್ರಿ ನಾನೂ ನನ್ನ ಹೆಂಡತಿಯೂ ಅಕ್ಕಿಗೆ ನೀಲಿ ಬಣ್ಣ ಕಲಸುತ್ತ ಕೂತಿದ್ದಾಗ, ಇಟಗಿಯಿಂದ ಬಂದಿದ್ದ ನಮ್ಮ ಅವ್ವ ನೋಡಿ, "ಇದೇನೋ ತಮ್ಮಾ, ಉಣ್ಣೋ ಅಕ್ಕಿಗೆ ಬಣ್ಣ ಹಚ್ಚಾಕ ಕುಂತೀರಿ?" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಇದು ಫಾರಿನ್ ಪದ್ಧತಿ ಬೇ, ನಮ್ಮ ಕಡೆ ಇರಲಿಲ್ಲ" ಅಂದೆ.

ಆಮೇಲೆ ಸುಮ್ಮನೆ ಕುತೂಹಲಕ್ಕೆ ಓದುತ್ತ ಹೋದೆ. ನಾನು ಹೇಳಿದ್ದು ಅರ್ಧ ಸುಳ್ಳು. ಉಳಿದರ್ಧ ನಿಜ, ಆದರೆ ನಾನು ಅಂದುಕೊಂಡ ಅರ್ಥದಲ್ಲಲ್ಲ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದ ಕೇಳಿದ್ದ ಲೆಕ್ಕ ಅದು. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆ, 6,641 ಮಕ್ಕಳು. ಕನ್ನಡದವು 235 ಶಾಲೆ, ತೆಲುಗಿನವು 226. ನಮ್ಮ ಯಲಬುರ್ಗಾ ಸೀಮೆ ಆಗ ನಿಜಾಮನ ಕೈಯಲ್ಲಿತ್ತು, ಹಾಗಾಗಿ ಇಟಗಿ ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ತುಂಗಭದ್ರೆ ದಾಟಿದ ಮಾತ್ರಕ್ಕೆ ಕೂಲಿಮಠದ ರೀತಿಯೇ ಬೇರೆಯಾಗಿತ್ತು ಅಂತ ನನಗನ್ನಿಸುವುದಿಲ್ಲ.

ಕ್ಯಾಂಪ್‌ಬೆಲ್ ಬರೆದದ್ದು ಬಹಳ ಸ್ವಾರಸ್ಯವಾಗಿದೆ. ಶಾಲೆಗೆ ಬಂದ ಮಗು ಮೊದಲು ಮಾಡುವ ಕೆಲಸ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಯುರೋಪಿನಲ್ಲಿ ಮೊದಲು ಬಾಯಲ್ಲಿ ಉಚ್ಚರಿಸಿ ಕಲಿಯುತ್ತಾರೆ, ಇಲ್ಲಿ ಕೈಯಿಂದ ಕಲಿಯುತ್ತಾರೆ ಅನ್ನುತ್ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ 'ಸರಸ್ವತಿ' ಅಂತ ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಛಡಿ ಏಟು ಶುರು, ಒಂದು, ಎರಡು, ಮೂರು ಹೀಗೆ ಏರುತ್ತ. ಸೋಮಾರಿಯನ್ನು ಎರಡೂ ಕೈ ಕಟ್ಟಿ ಮಾಡಿಗೆ ನೇತುಹಾಕುವುದೂ ಇತ್ತು. ಹಿರಿಯರು ಕೋದಂಡ ಅನ್ನುತ್ತಿದ್ದುದು ಇದನ್ನೇ.

ಇದೇ ವರದಿಯಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ. ಇಷ್ಟು ಕಡಿಮೆ ಖರ್ಚಿನಲ್ಲಿ ಬರೆಯಲು ಕಲಿಸುವ, ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳಿಸುವ ಈ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯಾಗಿಯೇ ಇದೆ ಅಂತ. ಹೌದು, ಅನುಕರಿಸಿತ್ತು! 1789ರಲ್ಲಿ ಮದ್ರಾಸಿನ ಅನಾಥಾಲಯದ ಶಾಲೆ ನೋಡಿಕೊಳ್ಳಲು ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ಮಲಬಾರಿ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಗೂ ಅದನ್ನು ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಮರುವರ್ಷ ಲಂಡನ್ನಿನ ಸದರ್ಕ್‌ನಲ್ಲಿ ಬಡಮಕ್ಕಳ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್, ಆಮೇಲೆ ಇದೇ ಮರಳನ್ನು ಮೇಜಿನ ಮೇಲೆ ಹತ್ತಿಸಿದ. ಹಲಗೆಗೆ ಕಪ್ಪು ಬಣ್ಣ, ಸುತ್ತ ಅಂಚುಪಟ್ಟಿ, ಒಳಗೆ ಒಣ ಮರಳು. ಬೆರಳು ಓಡಿದ ಕಡೆ ಕಪ್ಪು ಅಕ್ಷರ ಮೂಡುತ್ತದೆ, ಮಟ್ಟ ಮಾಡಿದರೆ ಮಾಯ. ನರ್ಸರಿಯವರು ಕೇಳಿದ 'ಅಂಚಿರುವ ತಟ್ಟೆ' ಇದಲ್ಲದೆ ಇನ್ನೇನು?

ಇಲ್ಲಿಗೆ ನಿಲ್ಲಿಸಿ, ನೋಡಿ ಎಲ್ಲ ನಮ್ಮಿಂದಲೇ ಹೋದದ್ದು ಅಂತ ಎದೆ ತಟ್ಟಿಕೊಳ್ಳಬಹುದಿತ್ತು. ಅಂಥ ಮೇಲ್ ದಿನಕ್ಕೆ ಎರಡು ಬರುತ್ತವೆ. ಆದರೆ ಅದು ಆಟವಾಗಿರಲಿಲ್ಲವಲ್ಲ! ನಮ್ಮ ಐಗಳಿಗೂ ಬೆಲ್‌ಗೂ ಲ್ಯಾಂಕಾಸ್ಟರ್‌ಗೂ ಮರಳು ಅಂದರೆ ದುಡ್ಡಿಲ್ಲದ ಕಾಗದ, ಅಷ್ಟೇ. ಆ ಮರಳಲ್ಲಿ ಯಾವನಾದರೂ ಹುಡುಗ ಗುಡ್ಡ ಮಾಡಿ ಹೊಳೆ ಹರಿಸಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಮರಳ ತಟ್ಟೆಯಲ್ಲಿ ಮಗು ತನಗೆ ಬೇಕಾದ್ದನ್ನು ಮಾಡಲಿ ಅಂತ ಬಿಟ್ಟದ್ದು ಬಹಳ ತಡವಾಗಿ. ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೊವೆನ್‌ಫೆಲ್ಡ್ 1928ರಲ್ಲಿ ಮನಸ್ಸು ನೊಂದ ಮಕ್ಕಳಿಗಾಗಿ ಒಂದು ಚಿಕಿತ್ಸಾಲಯ ತೆರೆದಳು. ಎಚ್. ಜಿ. ವೆಲ್ಸ್ 1911ರಲ್ಲಿ ತನ್ನ ಗಂಡುಮಕ್ಕಳೊಡನೆ ನೆಲದ ಮೇಲೆ ಊರು, ದ್ವೀಪ ಕಟ್ಟಿ ಆಡುವ ಬಗ್ಗೆ ಬರೆದ 'ಫ್ಲೋರ್ ಗೇಮ್ಸ್' ಪುಸ್ತಕ ಅವಳ ತಲೆಯಲ್ಲಿತ್ತು. ಸತುವಿನ ತಗಡಿನ ತಟ್ಟೆಯಲ್ಲಿ ಮರಳು, ಪಕ್ಕದಲ್ಲಿ ನೀರು, ಒಂದು ಪೆಟ್ಟಿಗೆ ತುಂಬ ಪುಟ್ಟ ಮನೆ, ಮನುಷ್ಯ, ಪ್ರಾಣಿ ಇಟ್ಟಳು. ಮಕ್ಕಳು ಅವನ್ನು ಮರಳಲ್ಲಿ ಜೋಡಿಸಿ ಅದಕ್ಕೆ 'ಲೋಕ' ಅಂತ ಹೆಸರಿಟ್ಟರು. ಬಾಯಿಬಿಟ್ಟು ಹೇಳಲಾಗದ್ದನ್ನು ಮಗು ಇಲ್ಲಿ ಕೈಯಿಂದ ಹೇಳುತ್ತದೆ ಅನ್ನುವುದು ಅವಳ ನಂಬಿಕೆ. ಅವಳಲ್ಲಿ ಕಲಿತ ಡೋರಾ ಕಾಲ್ಫ್ ಇದನ್ನು ಸ್ವಿಟ್ಜರ್ಲೆಂಡಿಗೆ ಒಯ್ದಳು.

ಹಾಗಾದರೆ ನಮ್ಮಲ್ಲಿ ಇಂಥ ಲೋಕ ಇರಲೇ ಇಲ್ಲವಾ? ಇತ್ತು. ಶಾಲೆಯಲ್ಲಿ ಇರಲಿಲ್ಲ, ಹಬ್ಬದಲ್ಲಿತ್ತು.

ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಇಟಗಿ ಅಂದರೆ ಹೊರಗಿನವರಿಗೆ ಮಹಾದೇವ ಗುಡಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಅಂದ ಗುಡಿ. (ಆ ಗುಡಿಯ ಗೋಡೆಗಳಲ್ಲಿ ಕಂಬದ ಮೇಲೆ ಕಂಬದ ಮೇಲೆ ಪುಟಾಣಿ ಗುಡಿಗಳನ್ನು ಕೆತ್ತಿದ್ದಾರೆ. ಶಿಲ್ಪಿಗಳಿಗೂ ಸಣ್ಣ ಲೋಕ ಮಾಡುವ ಹುಚ್ಚು ಇತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.) ಆದರೆ ಹುಡುಗರಾಗಿದ್ದ ನಮಗೆ ಮುಂಗಾರಿನ ಇಟಗಿ ಅಂದರೆ ಕರಿ ಎರೆಮಣ್ಣು. ಅದನ್ನು ತಂದು, ಹರಳು ಆರಿಸಿ, ನಾದಿ, ಎರಡು ಎತ್ತು, ಒಂದು ಗ್ವಾದಲಿ ಮಾಡಿ ಮಣೆ ಮೇಲೆ ಇಡುತ್ತಿದ್ದೆವು. ಕಣ್ಣಿಗೆ ಜೋಳದ ಕಾಳು. ದೊಡ್ಡವರು ಪೂಜೆ ಮಾಡಿದ ಮೇಲೆ ಎತ್ತು ನಮ್ಮದೇ. ಒಂದರ ಕಾಲು ಮುರಿದು ಕುಂಟೆತ್ತು ಮಾಡಿಕೊಂಡು ಮನೆ ಮನೆಗೆ ಹೋಗಿ ಹಾಡಿ ಜೋಳ ಬೇಡುತ್ತಿದ್ದೆವು. ಎತ್ತು ಕುಂಟಾದರೆ ರೈತನ ಗತಿ ಏನು ಅನ್ನುವುದನ್ನು ಆರು ವರ್ಷದವರು ಆಡಿ ತೋರಿಸುತ್ತಿದ್ದೆವು. ಆಗ ಅದು ತಿಳಿದಿರಲಿಲ್ಲ, ಬಿಡಿ.

ಆಷಾಢದ ಮಂಗಳವಾರಗಳು ಗುಳ್ಳವ್ವನವು. ಅದು ಹೆಣ್ಣುಮಕ್ಕಳದು. ಮಣ್ಣಿನ ಗುಳ್ಳವ್ವನನ್ನು ಮಾಡಿ, ಕುಸುಬಿ, ಬಿಳಿಜೋಳ, ಗುಲಗಂಜಿ ಚುಚ್ಚಿ ಸಿಂಗರಿಸುವುದು. (ಗುಲಗಂಜಿ ವಿಷದ ಬೀಜ. ಈಗಿನವರು ಯಾರಾದರೂ ಮಾಡುವುದಾದರೆ ಅದನ್ನು ದಯವಿಟ್ಟು ಬಿಡಿ.) ಕೊನೇ ಮಂಗಳವಾರ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ, ಉಂಡು, ಆಡಿ, ಗುಳ್ಳವ್ವನನ್ನು ನೀರಿಗೆ ಬಿಟ್ಟು ಬರುವುದು. ಮುಂದೆ ನಾಗಪ್ಪ, ಗಣಪ್ಪ, ಜೋಕುಮಾರ. ಮಳೆಗಾಲ ಪೂರ್ತಿ ಕೈಗೆ ಮಣ್ಣು.

ಕ್ಯಾಂಪ್‌ಬೆಲ್‌ನ ಲೆಕ್ಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಇನ್ನೊಂದು ಅಂಕಿ ಇದೆ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೀ 60. ಮರಳ ಮುಂದೆ ಕೂತವರು ಗಂಡುಹುಡುಗರು, ಮಣ್ಣಿನ ಮುಂದೆ ಕೂತವರಲ್ಲಿ ಹೆಣ್ಣುಹುಡುಗಿಯರೂ ಇದ್ದರು. ನಮ್ಮ ಅವ್ವ ಶಾಲೆ ಕಂಡವಳಲ್ಲ. ಬ್ಯಾಂಕಿನಲ್ಲಿ ಇವತ್ತಿಗೂ ಹೆಬ್ಬೆಟ್ಟು. ಗುಳ್ಳವ್ವನ ಬಗ್ಗೆ ಕೇಳಿದರೆ ಮಾತ್ರ ಅವಳು ಎಂಟು ವರ್ಷದವಳಾಗಿ ಬಿಡುತ್ತಾಳೆ. ಯಾರ ಗುಳ್ಳವ್ವಗೆ ಮೂಗು ಉದ್ದ ಆಗಿತ್ತು, ಹಳ್ಳದಲ್ಲಿ ಯಾರು ಜಾರಿ ಬಿದ್ದರು, ಎಲ್ಲ ನೆನಪಿದೆ. ನಾನು ಅವಳಿಗೆ "ನಮ್ಮ ಕಡೆ ಇರಲಿಲ್ಲ" ಅಂದಿದ್ದೆ!

ಶುಕ್ರವಾರ ನೀಲಿ ಅಕ್ಕಿಯ ತಟ್ಟೆ ಶಾಲೆಗೆ ಹೋಯಿತು, ವಾಪಸ್ಸು ಬಂದಾಗ ಅರ್ಧ ಅಕ್ಕಿ ಚೀಲದಲ್ಲಿ ಚೆಲ್ಲಿತ್ತು. ಅವ್ವ ಅದನ್ನು ತೊಳೆದು ಪಾರಿವಾಳಕ್ಕೆ ಹಾಕಿದಳು. ಭಾನುವಾರ ನೋಡುತ್ತೇನೆ, ಅದೇ ತಟ್ಟೆಯಲ್ಲಿ ಕುಂಡದ ಕೆಂಪು ಮಣ್ಣು ಕಲಸಿಟ್ಟುಕೊಂಡು ಅಜ್ಜಿ ಮೊಮ್ಮಗಳು ಬಾಲ್ಕನಿಯಲ್ಲಿ ಕೂತಿದ್ದಾರೆ. ಬೆಂಗಳೂರಿನ ಮಣ್ಣಿಗೆ ಜಿಗುಟಿಲ್ಲ, ಎತ್ತಿನ ಕೋಡು ಮತ್ತೆ ಮತ್ತೆ ಉದುರುತ್ತಿತ್ತು. ಮಗಳು ಶಾಲೆಯ ಪ್ಲಾಸ್ಟಿಕ್ ಜಿರಾಫೆಯನ್ನು ತಂದು ಗ್ವಾದಲಿಗೆ ಕಟ್ಟಿದಳು. "ಇದಕ್ಕೂ ಹೊಟ್ಟು ಹಾಕಬೇ ಅಜ್ಜಿ, ಹಸದೈತಿ" ಅಂತ ಹೇಳುತ್ತಿದ್ದಳು. ಅವ್ವ ಹಾಕಿದಳು.