ಒಂದು ತಾಸಿನ ದುಡಿಮೆಗೆ ಎಷ್ಟು ಬೆಲೆ?

ನಮ್ಮ ಜತ್ತ ಸೀಮೆಯಲ್ಲಿ ದ್ರಾಕ್ಷಿ ತೋಟದ ಕೂಲಿ ಅಂದ್ರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ದಕ್ಷಿಣ ಆಫ್ರಿಕಾದ ದ್ರಾಕ್ಷಿ ಸೀಮೆಯವರು ಪಗಾರಕ್ಕಾಗಿ ಬಡಿದಾಡಿದ ಚರಿತ್ರೆ ನಮ್ಮವರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಆ ದೇಶದಲ್ಲಿ 1925ರಲ್ಲೇ ಪಗಾರದ ಕಾಯ್ದೆ ಬಂದಿತ್ತು. ಆದರೆ ಹೊಲ-ತೋಟದವರನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗೇ ಇಟ್ಟರು. ಕೇಪ್ ಸೀಮೆಯ ತೋಟಗಳಲ್ಲಿ ಪಗಾರದ ಒಂದು ಪಾಲನ್ನು ಅಗ್ಗದ ದ್ರಾಕ್ಷಿ ಮದ್ಯವಾಗಿ ಕೊಡುವ ರೂಢಿಯಿತ್ತು. ಅದಕ್ಕೆ 'ಡಾಪ್' ಅನ್ನುತ್ತಿದ್ದರು. ದುಡಿದವನ ಕೈಗೆ ರೊಕ್ಕ ಕಡಿಮೆ, ಮನೆಗೆ ಕುಡಿತದ ಚಟ. 1994ರಲ್ಲಿ ವರ್ಣಭೇದದ ಆಳ್ವಿಕೆ ಮುಗಿಯಿತು. ಆದರೂ ಮನೆಗೆಲಸದವರಿಗೆ ಕನಿಷ್ಠ ಪಗಾರ ಗೊತ್ತುಮಾಡಿದ್ದು 2002ರಲ್ಲಿ, ಹೊಲದವರಿಗೆ 2003ರಲ್ಲಿ.

2012ರ ನವೆಂಬರಿನಲ್ಲಿ ಡಿ ಡೋರ್ನ್ಸ್ ಎಂಬ ಊರಿನ ದ್ರಾಕ್ಷಿ ಕೂಲಿಗಳು ಕೆಲಸ ನಿಲ್ಲಿಸಿದರು. ಆಗ ಕನಿಷ್ಠ ಕೂಲಿ ದಿನಕ್ಕೆ 69 ರ‍್ಯಾಂಡ್. ಅವರು ಕೇಳಿದ್ದು 150. ಮುಷ್ಕರ ಸುತ್ತಲಿನ ಊರುಗಳಿಗೂ ಹಬ್ಬಿತು. ಕೆಲವರ ಜೀವವೂ ಹೋಯಿತು. 2013ರ ಮಾರ್ಚ್ 1ರಿಂದ ಸರಕಾರ 105 ರ‍್ಯಾಂಡ್ ಮಾಡಿತು. ಕೇಳಿದಷ್ಟು ಸಿಗಲಿಲ್ಲ, ಆದರೆ ಒಮ್ಮೆಲೇ ಅರ್ಧಕ್ಕಿಂತ ಹೆಚ್ಚು ಏರಿತು. ಕೆಲವು ಮಾಲೀಕರು ಮನೆ ಬಾಡಿಗೆ, ಕರೆಂಟು ಅಂತ ಆ ಏರಿಕೆಯಲ್ಲೇ ಮುರಿದುಕೊಂಡರು.

2019ರ ಜನವರಿಯಿಂದ ಇಡೀ ದೇಶಕ್ಕೆ ಒಂದೇ ಕಾಯ್ದೆ ಜಾರಿಯಾಯಿತು. ತಾಸಿಗೆ 20 ರ‍್ಯಾಂಡ್. ಊಟ, ವಸತಿ, ವಸ್ತುರೂಪದ ಪಾವತಿ ಯಾವುದನ್ನೂ ಈ ಕನಿಷ್ಠ ಪಗಾರದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದೇ ತಾಸಿನ ಕೆಲಸಕ್ಕೆ ಕರೆದರೂ ನಾಲ್ಕು ತಾಸಿನ ಪಗಾರ ಕೊಡಬೇಕು. ಇಷ್ಟೆಲ್ಲ ಇದ್ದರೂ ಹೊಲದವರ ತಾಸಿಗೆ 18, ಮನೆಗೆಲಸದವರ ತಾಸಿಗೆ 15 ಅಂತಲೇ ಬರೆದಿದ್ದರು! ಹೊಲದವರು ಉಳಿದವರಿಗೆ ಸಮನಾದದ್ದು 2021ರಲ್ಲಿ, ಮನೆಗೆಲಸದವರು 2022ರಲ್ಲಿ. 2025ರ ಮಾರ್ಚಿನಲ್ಲಿ ಈ ಮೂವರಿಗೂ ಗೊತ್ತುಮಾಡಿದ್ದು ತಾಸಿಗೆ 28.79 ರ‍್ಯಾಂಡ್. ಸರಕಾರಿ ಕಾಮಗಾರಿ ಯೋಜನೆಯವರಿಗೆ ಮಾತ್ರ ಇನ್ನೂ ಕಡಿಮೆ ದರವೇ ಇದೆ.

ಇದರಲ್ಲಿ ನನಗೆ ಕಾಣುವುದಿಷ್ಟು. ತೋಟದವರು ಸಾಲಾಗಿ ನಿಂತು ದುಡಿಯುತ್ತಾರೆ, ಒಬ್ಬರಿಗೊಬ್ಬರು ಕಾಣುತ್ತಾರೆ, ಕೂಡಿ ಕೆಲಸ ನಿಲ್ಲಿಸಬಲ್ಲರು. ಮನೆಗೆಲಸದ ಹೆಣ್ಣುಮಗಳು ಇನ್ನೊಬ್ಬರ ಅಡುಗೆಮನೆಯಲ್ಲಿ ಒಬ್ಬಳೇ. ಆಕೆಯ ತಾಸಿಗೆ ಪೂರಾ ಬೆಲೆ ಕಟ್ಟಿದ್ದು ಎಲ್ಲರಿಗಿಂತ ಕೊನೆಗೆ. ಕಾಯ್ದೆ ಬಂತು ಅಂದಾಗ ನಾವು ಮೊದಲು ಕೇಳಬೇಕಾದದ್ದು "ಎಷ್ಟು ಏರಿತು?" ಅಂತಲ್ಲ, "ಯಾರನ್ನು ಹೊರಗಿಟ್ಟರು?" ಅಂತ.